ಅಟ್ಟದ ಮೇಲಿನ ಹಳೇ ಕಂಪ್ಯೂಟರ್‌ಗಳು: 26ರಿಂದ 5ಕ್ಕೆ ಇಳಿಸಿದ ದಾರಿ

ಬಸವನಗುಡಿಯ ಹಳೇ ಮನೆ ಬಿಟ್ಟು ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬರುವ ಹೊತ್ತಿಗೆ ನನ್ನ ಹತ್ತಿರ 26 ಕಂಪ್ಯೂಟರ್‌ಗಳಿದ್ದವು. ಒಂದರಲ್ಲೂ ಇವತ್ತಿನ ಒಂದು ಕರೆಂಟ್ ಬಿಲ್ ಕಟ್ಟಲು ಆಗುವುದಿಲ್ಲ. ಸ್ಪೆಕ್ಟ್ರಮ್ ಎಂಬ ಪುಟ್ಟ ಮನೆ ಕಂಪ್ಯೂಟರ್ ದುಬೈನಿಂದ ಸೋದರಮಾವ ತಂದದ್ದು, ಅಮಿಗಾ ಎಂಬ ಇನ್ನೊಂದು ಯಾರೋ ಅಮೆರಿಕಕ್ಕೆ ಹೊರಟವರು ಬಿಟ್ಟುಹೋದದ್ದು, ಮಿಕ್ಕದ್ದೆಲ್ಲ ಎಸ್.ಪಿ. ರೋಡಿನ ಗುಜರಿ ಅಂಗಡಿಗಳಲ್ಲಿ ಶನಿವಾರ ಶನಿವಾರ ಆರಿಸಿ ತಂದದ್ದು. "ಈ ಡಬ್ಬಗಳಿಗೇ ಒಂದು ರೂಮು ಬೇಕಾದ್ರೆ ಬಾಡಿಗೆ ಅವೇ ಕೊಡ್ಲಿ" ಅಂದಳು ನಮ್ಮನೆಯವಳು. ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಎಂಟು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ದಂಡವಾದವು, ಏಕೆಂದರೆ ನಾನು ತಲೆಕೆಳಗಾಗಿ ಶುರುಮಾಡಿದ್ದೆ. ಮೊದಲು ಮಾರಿದೆ, ಆಮೇಲೆ ಅದರ ಫ್ಲಾಪಿ ಓದಲು ಅದೇ ಡ್ರೈವ್ ಬೇಕೆಂದು ಗೊತ್ತಾಯಿತು. ಸರಿಯಾದ ಸಾಲು ಹೀಗೆ: ಮೊದಲು ಅಪಾಯ ತೆಗೆಯುವುದು, ಆಮೇಲೆ ಒಳಗಿನದ್ದನ್ನು ಇಳಿಸಿಕೊಳ್ಳುವುದು, ಆಮೇಲಷ್ಟೇ ಯಾವುದು ಇರಬೇಕು ಯಾವುದು ಹೋಗಬೇಕು ಎಂಬ ತೀರ್ಮಾನ. ಮಾರಾಟ ಕಟ್ಟಕಡೆಯ ಕೆಲಸ.

ಹೆಜ್ಜೆ 1: ಎಲ್ಲವನ್ನೂ ಕೆಳಗಿಳಿಸಿ

ಅಟ್ಟ, ಮಂಚದ ಕೆಳಗೆ, ತಮ್ಮನ ಮನೆಯ ಗ್ಯಾರೇಜು, ಎಲ್ಲೆಲ್ಲಿ ಇದೆಯೋ ಅಲ್ಲಿಂದ ಎಲ್ಲವನ್ನೂ ಒಂದೇ ಕೋಣೆಗೆ ತನ್ನಿ. ತಂದು ಸಾಲಾಗಿ ಇಟ್ಟಾಗಲೇ ಒಂದು ಗುಟ್ಟು ರಟ್ಟಾಗುತ್ತದೆ: ಜಾಗ ತಿನ್ನುತ್ತಿರುವುದು ಕಂಪ್ಯೂಟರ್‌ಗಳಲ್ಲ, ಅವುಗಳ ಸುತ್ತಲಿನ ಸಾಮಾನು. ನನ್ನಲ್ಲಿ ಯಾವುದಕ್ಕೂ ಹೊಂದದ 40 ಅಡಾಪ್ಟರ್‌ಗಳು, ಮೂರು ಸತ್ತ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳು, ನಾಲ್ಕು ಪಿಕ್ಚರ್ ಟ್ಯೂಬ್ ಮಾನಿಟರ್‌ಗಳು ಇದ್ದವು. ಅರ್ಧ ಕೋಣೆ ಅವೇ.

ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಯಂತ್ರಕ್ಕೊಂದು ಪುಟ ಕೊಡಿ. ಹೆಸರು, ಸೀರಿಯಲ್ ನಂಬರ್, ಎಲ್ಲಿಂದ ಬಂತು, ಕೊನೆಗೆ ಯಾವಾಗ ಆನ್ ಆಗಿತ್ತು, ಜೊತೆಗೆ ಏನೇನಿದೆ. ಫೋನಿನಲ್ಲಿ ಮುಂದೆ, ಹಿಂದೆ, ಕೆಳಗೆ ಒಂದೊಂದು ಫೋಟೊ. ಅಡಾಪ್ಟರ್ ಯಾವ ಯಂತ್ರದ್ದೆಂದು ಚೀಟಿ ಬರೆದು ದಾರದಿಂದ ಕಟ್ಟಿ. ಟೇಪಿನಲ್ಲಿ ಅಂಟಿಸಿದರೆ ಒಂದು ಬೇಸಿಗೆಗೆ ಬಿದ್ದುಹೋಗುತ್ತದೆ.

ಹೆಜ್ಜೆ 2: ಪ್ಲಗ್ ಹಾಕುವ ಮುನ್ನ ಸ್ಕ್ರೂಡ್ರೈವರ್

ಹತ್ತು ವರ್ಷ ಮಲಗಿದ್ದ ಯಂತ್ರವನ್ನು ಕಂಡ ಕೂಡಲೇ "ಆನ್ ಆಗುತ್ತಾ ನೋಡೋಣ" ಅನ್ನಿಸುತ್ತದೆ. ದಯವಿಟ್ಟು ಬೇಡ. ಈ ಸಂಗ್ರಹಗಳಲ್ಲಿ ಹಾಳಾಗುವ ಯಂತ್ರಗಳಲ್ಲಿ ಬಹಳಷ್ಟು ಆ ಮೊದಲ ಹತ್ತು ಸೆಕೆಂಡಿನಲ್ಲೇ ಹಾಳಾಗುವುದು.

ಮೊದಲು ಬ್ಯಾಟರಿ. ಹಳೆಯ 286, 386 ಪಿಸಿಗಳ ಮದರ್‌ಬೋರ್ಡಿನ ಮೇಲೆ ಗಡಿಯಾರಕ್ಕಾಗಿ 3.6 ವೋಲ್ಟಿನ ಪುಟ್ಟ ಪೀಪಾಯಿಯಂಥ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ಅಮಿಗಾ 500 ಪ್ಲಸ್‌ನ ಬೋರ್ಡಿನಲ್ಲೂ, ಮಾಮೂಲಿ ಅಮಿಗಾ 500ರ ಹೊಟ್ಟೆಯಡಿ ಸೇರಿಸುವ ಮೆಮೊರಿ ಕಾರ್ಡಿನಲ್ಲೂ ಅದೇ. ಅದು ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳು ಹಸಿರಾಗಿ ಕರಗುತ್ತವೆ. ಸೋರಿರಲಿ ಬಿಡಲಿ, ಕಟರ್‌ನಿಂದ ಕತ್ತರಿಸಿ ತೆಗೆಯಿರಿ. ಸೋರಿದ ರಸ ಕ್ಷಾರ, ಆದ್ದರಿಂದ ಹುಳಿಯಿಂದ ಶಮನ ಆಗುತ್ತದೆ. ಹತ್ತಿಗೆ ಬಿಳಿ ವಿನೆಗರ್ ಅಥವಾ ಸೋಸಿದ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಡಿಸ್ಟಿಲ್ಡ್ ವಾಟರ್, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ಕೈಗೆ ಗ್ಲೌಸ್ ಇರಲಿ. ಹಳೆಯ ಮ್ಯಾಕ್‌ಗಳಲ್ಲಿ, ಅದರಲ್ಲೂ 1989ರ ಎಸ್‌ಇ/30ಯಲ್ಲಿ, ಅರ್ಧ ಪೆನ್ ಸೆಲ್ ಗಾತ್ರದ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ಒಡೆದರೆ ಬೋರ್ಡಷ್ಟೇ ಅಲ್ಲ, ಒಳಗಿನ ಲೋಹದ ಚೌಕಟ್ಟೂ ತುಕ್ಕಾಗುತ್ತದೆ.

ಎರಡನೆಯದು ವಿದ್ಯುತ್ ಕೊಡುವ ಡಬ್ಬ. ಇಲ್ಲಿ ಒಂದೊಂದು ಯಂತ್ರಕ್ಕೂ ಒಂದೊಂದು ಚಾಳಿ.

ಕೊಮೊಡೋರ್ 64 ಎಂಬ ಮನೆ ಕಂಪ್ಯೂಟರಿನ ಮೂಲ ಅಡಾಪ್ಟರ್ ಇಟ್ಟಿಗೆಯಂತೆ ಭಾರ, ಒಳಗೆ ರಾಳ ಸುರಿದು ಮುಚ್ಚಿರುವುದರಿಂದ ರಿಪೇರಿ ಕಷ್ಟ. ವಯಸ್ಸಾದಂತೆ ಅದರ 5 ವೋಲ್ಟಿನ ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರಿಸುತ್ತದೆ, ಆಗ ಮೊದಲು ಸಾಯುವುದು ಮೆಮೊರಿ ಚಿಪ್‌ಗಳು. ಮಲ್ಟಿಮೀಟರಿನಲ್ಲಿ 5.25 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅದನ್ನು ಯಂತ್ರಕ್ಕೆ ಚುಚ್ಚಲೇಬೇಡಿ. ಸರಿಯಾಗಿ ತೋರಿಸಿದರೂ ನಾನು ನಂಬುವುದಿಲ್ಲ, ಬಿಸಿಯಾದ ಮೇಲೆ ಕೈಕೊಡುವುದು ಅದರ ಗುಣ. ಹೊಸದಾಗಿ ತಯಾರಿಸಿದ ಅಡಾಪ್ಟರ್ ಕೊಂಡುಬಿಡಿ.

ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, ಆದರೆ ಪಿನ್ನಿನ ನಡುಭಾಗ ನೆಗೆಟಿವ್. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರ್‌ಗಳಲ್ಲಿ ನಡುಭಾಗ ಪಾಸಿಟಿವ್. "9 ವೋಲ್ಟ್ ಅಲ್ವಾ ಸಾರ್, ಸಾಕು" ಎಂಬ ಮಾತು ನಂಬಿ ನಾನೊಂದು ಸ್ಪೆಕ್ಟ್ರಮ್ ಕಳೆದುಕೊಂಡಿದ್ದೇನೆ. ಇನ್ನೊಂದು ವಿಷಯ: ಯಂತ್ರಕ್ಕೆ ಜೋಡಿಸದೆ ಅಳೆದರೆ ಮೂಲ ಅಡಾಪ್ಟರ್ 12ಕ್ಕೂ ಹೆಚ್ಚು ವೋಲ್ಟ್ ತೋರಿಸಬಹುದು. ಅದು ದೋಷವಲ್ಲ.

ಇಂಗ್ಲೆಂಡಿನ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರಿನ ಒಳಗಿನ ಪವರ್ ಸಪ್ಲೈಯಲ್ಲಿ ಪಾರದರ್ಶಕ ಹಳದಿ ಮೈಯ, ರೀಫಾ ಕಂಪನಿಯ ಕೆಪಾಸಿಟರ್‌ಗಳಿರುತ್ತವೆ. ಮೈ ಬಿರುಕು ಬಿಟ್ಟು ತೇವ ಒಳಹೋಗಿ, ಕರೆಂಟ್ ಹರಿದ ಸ್ವಲ್ಪ ಹೊತ್ತಿಗೆ ಢಬ್ ಎಂದು ಸಿಡಿದು, ಮನೆತುಂಬ ಎರಡು ದಿನ ಹೋಗದ ವಾಸನೆ ಬಿಡುತ್ತವೆ. ಎಕ್ಸ್2 ದರ್ಜೆಯ ಹೊಸ ಕೆಪಾಸಿಟರ್ ಹಾಕಿಸಿ. ಟಿವಿ ರಿಪೇರಿ ಮಾಡುವ ಹಳಬರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಅಮಿಗಾ 600 ಮತ್ತು 1200 ಇದ್ದರೆ ಬೋರ್ಡಿನ ಮೇಲಿನ ಸಣ್ಣ ಡಬ್ಬಿಯಾಕಾರದ ಕೆಪಾಸಿಟರ್‌ಗಳೂ ಸೋರುವ ವಯಸ್ಸಿನವು, ಅವನ್ನೂ ತೋರಿಸಿ.

ಅಮೆರಿಕದಿಂದ ಬಂದ ಯಂತ್ರವಾದರೆ 110 ವೋಲ್ಟಿನದೇ ಎಂದು ಹಿಂಬದಿಯ ಚೀಟಿ ಓದಿ. ನಮ್ಮ 230 ವೋಲ್ಟ್ ಅದಕ್ಕೆ ಯಮ. ಪಿಕ್ಚರ್ ಟ್ಯೂಬಿನ ಮಾನಿಟರನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಹೆಜ್ಜೆ 3: ಫ್ಲಾಪಿ, ಕ್ಯಾಸೆಟ್‌ಗಳನ್ನು ಖಾಲಿ ಮಾಡಿ

ಇದಕ್ಕೆ ಎಷ್ಟು ಸಮಯ ಕೊಟ್ಟರೂ ದಂಡವಲ್ಲ. ಯಂತ್ರ ಇನ್ನೊಂದು ಸಿಗುತ್ತದೆ, ಕೊಮೊಡೋರ್ 64 ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಮಾರಾಟವಾಗಿದೆ. 1991ರಲ್ಲಿ ನಿಮ್ಮಣ್ಣ ಬೇಸಿಕ್‌ನಲ್ಲಿ ಬರೆದ ಚೌಕಾಬಾರದ ಆಟ ಇರುವುದು ಒಂದೇ ಫ್ಲಾಪಿಯಲ್ಲಿ.

ಮೊದಲು ಫ್ಲಾಪಿಯ ಕಿಟಕಿಯಲ್ಲಿ ಇಣುಕಿ ನೋಡಿ. ಬಿಳಿ ಚುಕ್ಕೆ, ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಷ್ಟು. ಮಂಗಳೂರು, ಮಲೆನಾಡಿನ ಕಡೆಯಿಂದ ಬಂದ ಪೆಟ್ಟಿಗೆಗಳಲ್ಲಿ ಇದು ಖಾತ್ರಿ. ಅದನ್ನು ಹಾಗೇ ಡ್ರೈವಿಗೆ ಹಾಕಿದರೆ ಆ ಫ್ಲಾಪಿ ಕೆರೆದುಹೋಗುತ್ತದೆ, ಡ್ರೈವಿನ ಓದುವ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಫ್ಲಾಪಿಯನ್ನೂ ಕೆರೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತ ಒರೆಸಿ, ಪೂರ್ತಿ ಒಣಗಿದ ಮೇಲೆ ಓದಿಸಿ. ಪ್ರತಿ ಐದಾರು ಫ್ಲಾಪಿಗೊಮ್ಮೆ ಹೆಡ್ ಒರೆಸಿ.

ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್ ಪಿಸಿಯ ಮೂರೂವರೆ ಇಂಚಿನವನ್ನು ಮಾತ್ರ ಓದುತ್ತದೆ. ಅಮಿಗಾದ 880 ಕೆಬಿ ಫ್ಲಾಪಿ ಅದಕ್ಕೆ ಖಾಲಿ ಕಾಗದ. ಕೊಮೊಡೋರ್ ಬರೆಯುವ ರೀತಿಯೇ ಬೇರೆ, ಬಿಬಿಸಿಯದು ಮತ್ತೂ ಬೇರೆ. ಇವಕ್ಕೆಲ್ಲ ಗ್ರೀಸ್‌ವೀಝಲ್ ಎಂಬ ಅಂಗೈಯಗಲದ ಬೋರ್ಡು ತರಿಸಿಕೊಳ್ಳಿ. ಅದು ಫ್ಲಾಪಿಯ ಮೇಲಿರುವ ಕಾಂತೀಯ ಏರಿಳಿತವನ್ನೇ ಹಾಗೆ ಹಾಗೇ ನಕಲು ಮಾಡಿಕೊಳ್ಳುತ್ತದೆ. ಅದು ಯಾವ ಯಂತ್ರದ ಭಾಷೆ ಎಂದು ಆಮೇಲೆ ನಿಧಾನಕ್ಕೆ ಬಿಡಿಸಬಹುದು. ಇದಕ್ಕೆ ಹಳೆಯ ಪಿಸಿಯ ಒಂದು ಮೂರೂವರೆ ಇಂಚಿನ, ಒಂದು ಐದೂಕಾಲು ಇಂಚಿನ ಡ್ರೈವ್ ಬೇಕು. ಆ ಎರಡು ಡ್ರೈವ್‌ಗಳನ್ನು ಕೆಲಸ ಪೂರ್ತಿ ಮುಗಿಯುವ ತನಕ ಯಾರಿಗೂ ಕೊಡಬೇಡಿ. ಕ್ಯಾಸೆಟ್ ಸುಲಭ: ಒಳ್ಳೆಯ ಟೇಪ್ ರೆಕಾರ್ಡರ್‌ನಿಂದ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ ಆ ಕಿರ್ರ್ ಸದ್ದನ್ನು ಎಂಪಿ3 ಮಾಡದೆ ವೇವ್ ಕಡತವಾಗಿ ರೆಕಾರ್ಡ್ ಮಾಡಿಕೊಳ್ಳಿ. ಹೆಡ್ಡಿನ ಓರೆ ಸರಿಯಿಲ್ಲದಿದ್ದರೆ ಸದ್ದು ಮಂಕಾಗುತ್ತದೆ. ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಚೂಪಾದಲ್ಲಿಗೆ ನಿಲ್ಲಿಸಿ.

ನಮ್ಮವರ ಫ್ಲಾಪಿಗಳಲ್ಲಿ ಒಂದು ಹೆಚ್ಚಿನ ತೊಡಕಿದೆ, ಅದು ಕನ್ನಡ. ಪಿಸಿ ಕಾಲದ ಫ್ಲಾಪಿಯಲ್ಲಿ ತಾತನ ಆತ್ಮಕಥೆಯೋ, ಸಂಘದ ಸ್ಮರಣಸಂಚಿಕೆಯೋ, ಲಗ್ನಪತ್ರಿಕೆಯ ಕರಡೋ ಇರಬಹುದು. ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಹಾಳಾಗಿದೆ ಎಂದು ಎಸೆಯಬೇಡಿ. ಕಂಪ್ಯೂಟರಿನ ಒಳಗೆ, ಭಾರತೀಯ ಭಾಷೆಗಳಿಗಾಗಿ ಸಿ-ಡ್ಯಾಕ್ ಸಂಸ್ಥೆ ಮಾಡಿದ ಜಿಸ್ಟ್ ಕಾರ್ಡ್ ಇದ್ದರೆ ಬರಹ ಬಹುಶಃ ಇಸ್ಕಿ ಸಂಕೇತದಲ್ಲಿದೆ. 1991ರ ಭಾರತೀಯ ಮಾನಕದ ಈ ಸಂಕೇತದಲ್ಲಿ ಅಕ್ಷರಕ್ಕೊಂದು ಸಂಖ್ಯೆ ನಿಗದಿಯಾಗಿರುವುದರಿಂದ ಇವತ್ತು ಎಲ್ಲೆಡೆ ಬಳಸುವ ಯುನಿಕೋಡ್ ಸಂಕೇತಕ್ಕೆ ತರುವುದು ಕಷ್ಟವಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದದ್ದಾದರೆ ಒಳಗೆ ಇರುವುದು ಅಕ್ಷರದ ತುಂಡುಗಳು. ಅವನ್ನು ಯುನಿಕೋಡ್ ಮಾಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕನ್ನಡದ ಮೊದಮೊದಲ ತಂತ್ರಾಂಶಗಳಲ್ಲೊಂದಾದ, ಕೆ.ಪಿ. ರಾವ್ ಅವರ ಸೇಡಿಯಾಪು ತಂತ್ರಾಂಶದ ಫ್ಲಾಪಿ ನಿಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದು ಪೆಟ್ಟಿಗೆಯ ಉಳಿದೆಲ್ಲಕ್ಕಿಂತ ದೊಡ್ಡ ನಿಧಿ. ಬರಹದ ಜೊತೆಗೆ ಅದನ್ನು ಬರೆದ ತಂತ್ರಾಂಶ, ಫಾಂಟ್ ಎರಡನ್ನೂ ನಕಲು ಮಾಡಿಕೊಳ್ಳಿ. ನಾನು ಒಂದು 386 ಪಿಸಿಯನ್ನು ಕೊಟ್ಟುಬಿಟ್ಟೆ, ಆದರೆ ಅದರ ಜಿಸ್ಟ್ ಕಾರ್ಡನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ.

ನಕಲುಗಳು ಎರಡು ಕಡೆ ಇರಲಿ, ಒಂದು ನಿಮ್ಮ ಮನೆಯ ಹೊರಗೆ. ಹಾರ್ಡ್ ಡಿಸ್ಕ್ ಇರುವ ಪಿಸಿಯನ್ನು ಕೊಡುವ ಮುನ್ನ ಡಿಸ್ಕನ್ನು ಬಿಚ್ಚಿಟ್ಟುಕೊಳ್ಳಿ, ಇಲ್ಲವೇ ಪೂರ್ತಿ ಸೊನ್ನೆ ಬರೆದು ಅಳಿಸಿ. ಬರೀ ಫಾರ್ಮ್ಯಾಟ್ ಮಾಡಿದರೆ ಅಪ್ಪನ ಬ್ಯಾಂಕ್ ಲೆಕ್ಕ ಅಲ್ಲೇ ಇರುತ್ತದೆ.

ಹೆಜ್ಜೆ 4: ಯಾವುದು ಇರಬೇಕು

ಬೆಲೆ ನೋಡಿ ಉಳಿಸಿಕೊಳ್ಳಬೇಡಿ. ಅಪರೂಪ ಎಂದೂ ಉಳಿಸಿಕೊಳ್ಳಬೇಡಿ. ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಕಳೆದ ಮೂರು ವರ್ಷದಲ್ಲಿ ಆಯುಧಪೂಜೆಗೆ ಕುಂಕುಮ ಹಚ್ಚಿದ್ದು ಬಿಟ್ಟು ಇದನ್ನು ಎಷ್ಟು ಸಲ ಮುಟ್ಟಿದ್ದೇನೆ? (ಕೀಲಿಮಣೆಯ ಸಂದಿಗೆ ಬಿದ್ದ ಕುಂಕುಮ ತೆಗೆಯುವುದೇ ಒಂದು ಕೆಲಸ. ಮಾನಿಟರಿಗೆ ಹಚ್ಚಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.) 26ರಲ್ಲಿ 15 ಅಲ್ಲೇ ಉದುರಿದವು.

ಒಂದೇ ಬಗೆಯವು ಮೂರು ಇದ್ದರೆ ಒಂದನ್ನು ಇಟ್ಟುಕೊಳ್ಳಿ. "ಬಿಡಿಭಾಗಕ್ಕೆ ಬೇಕಾಗುತ್ತೆ" ಎಂಬುದು ಸಂಗ್ರಹಕಾರರು ತಮಗೆ ತಾವೇ ಹೇಳಿಕೊಳ್ಳುವ ಸುಳ್ಳು. ಬೇಕಿದ್ದರೆ ಕೆಟ್ಟ ಯಂತ್ರದ ಚಿಪ್‌ಗಳನ್ನಷ್ಟೇ ಕಿತ್ತು ಕಪ್ಪು ಆಂಟಿಸ್ಟಾಟಿಕ್ ಸ್ಪಂಜಿಗೆ ಚುಚ್ಚಿ ಒಂದು ಸ್ವೀಟ್ ಡಬ್ಬಿಯಲ್ಲಿಡಿ. ಕೊಮೊಡೋರ್‌ನ ಸದ್ದಿನ ಚಿಪ್ ಸಿಡ್, ಸ್ಪೆಕ್ಟ್ರಮ್‌ನ ಯುಎಲ್‌ಎ, ಇಂಥವಕ್ಕೆ ಮಾತ್ರ ಆ ಮರ್ಯಾದೆ. ಆಟ ಆಡುವುದಷ್ಟೇ ಆಸೆಯಾದರೆ ವೈಸ್, ಫ್ಯೂಸ್‌ನಂಥ ಎಮ್ಯುಲೇಟರ್‌ಗಳು, ಅಂದರೆ ಹಳೇ ಯಂತ್ರದಂತೆ ನಟಿಸುವ ತಂತ್ರಾಂಶಗಳು, ಲ್ಯಾಪ್‌ಟಾಪಿನಲ್ಲೇ ಎಲ್ಲ ಓಡಿಸುತ್ತವೆ. ಒಂದು ವಾರ ಅದರಲ್ಲಿ ಆಡಿ ನೋಡಿ, ಅಷ್ಟಕ್ಕೇ ತೃಪ್ತಿಯಾದರೆ ಯಂತ್ರ ಹೋಗಬಹುದು.

ನೆನಪಿನ ಯಂತ್ರಕ್ಕೆ ಈ ನಿಯಮಗಳಿಂದ ರಿಯಾಯಿತಿ ಇದೆ, ಆದರೆ ಒಂದಕ್ಕೆ ಮಾತ್ರ. ಮಾವ ತಂದ ಸ್ಪೆಕ್ಟ್ರಮ್ ನನ್ನ ಆ ಒಂದು. ಅದರ ಕೀಬೋರ್ಡಿನ ಒಳಗಿನ ಪ್ಲಾಸ್ಟಿಕ್ ಹಾಳೆ ಎರಡು ಸಲ ಒಣಗಿ ಮುರಿದು, ಎರಡು ಸಲ ಬದಲಾಗಿದೆ.

ಹೆಜ್ಜೆ 5: ಯಾರಿಗೆ

ಭಾರತದಲ್ಲಿ ತಯಾರಾದದ್ದಕ್ಕೆ ಬೇರೆ ಲೆಕ್ಕ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಶುರುಮಾಡಿದ ಕ್ಲಾಸ್ ಯೋಜನೆಯಲ್ಲಿ ಬಂದದ್ದು ಬಿಬಿಸಿ ಮೈಕ್ರೊ. ಅದನ್ನೇ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಲೈಸೆನ್ಸ್ ಪಡೆದು ಯುನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ಪುಣೆಯ ಡೆಸಿಬೆಲ್ಸ್ ಹೆಸರಿನ ಸ್ಪೆಕ್ಟ್ರಮ್, ಎಚ್‌ಸಿಎಲ್‌ನ ಬಿಝಿಬೀ, ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್, ಇವು ನಿಮ್ಮಲ್ಲಿದ್ದರೆ ವಿದೇಶದ ಸಂಗ್ರಹಕಾರ ಎಷ್ಟು ಆಸೆ ತೋರಿಸಿದರೂ ದೇಶದೊಳಗೇ ಯಾರಿಗಾದರೂ ಕೊಡಿ. ಇಂಗ್ಲೆಂಡಿನ ಯಂತ್ರಗಳನ್ನು ಕಾಪಾಡಲು ಕೇಂಬ್ರಿಜ್‌ನಲ್ಲಿ, ಬ್ಲೆಚ್ಲಿ ಪಾರ್ಕಿನಲ್ಲಿ ವಸ್ತುಸಂಗ್ರಹಾಲಯಗಳೇ ಇವೆ. ಯುನಿಕಾರ್ನ್ ಕಾಪಾಡಬೇಕಾದವರು ನಾವೇ.

ವಸ್ತುಸಂಗ್ರಹಾಲಯಕ್ಕೋ ಎಂಜಿನಿಯರಿಂಗ್ ಕಾಲೇಜಿಗೋ ಕೊಡುವುದಾದರೆ ಸಾಮಾನು ಹೊತ್ತುಕೊಂಡು ಬಾಗಿಲಿಗೆ ಹೋಗಬೇಡಿ. ಮೊದಲು ಫೋಟೊ ಸಹಿತ ಪತ್ರ ಬರೆಯಿರಿ, ಯಾರು ನೋಡಿಕೊಳ್ಳುತ್ತಾರೆಂದು ಕೇಳಿ. ನಾನು ಒಂದು ಕಾಲೇಜಿಗೆ ಮೂರು ಯಂತ್ರ ಕೊಟ್ಟೆ. ಹಾರ, ಶಾಲು, ಫೋಟೊ ಎಲ್ಲ ಆಯಿತು. ಮರುವರ್ಷ ಹೋದರೆ ಅವು ಮೆಟ್ಟಿಲ ಕೆಳಗೆ, ಮೇಲೆ ನೆಲ ಒರೆಸುವ ಬಟ್ಟೆ. ಅದಾದ ಮೇಲೆ ಕಲಿತದ್ದು: ಸಂಸ್ಥೆಗೆ ಕೊಡುವುದಾದರೂ ಅಲ್ಲಿ ಆಸಕ್ತಿಯಿರುವ ಒಬ್ಬ ಮೇಷ್ಟ್ರು ಸಿಕ್ಕ ಮೇಲೇ ಕೊಡಬೇಕು. ನನ್ನ ಬಿಬಿಸಿ ಮೈಕ್ರೊ ಹೋದದ್ದು ಒಬ್ಬ ಹೈಸ್ಕೂಲ್ ಹುಡುಗಿಗೆ. ಅವಳು ಬಂದವಳೇ ಮುಚ್ಚಳ ತೆಗೆದು, ಪ್ರೊಸೆಸರ್ ಚಿಪ್ ತೋರಿಸಿ "ಅಂಕಲ್, ಇದು 6502 ಅಲ್ವಾ?" ಅಂದಳು. ಅಲ್ಲಿಗೆ ಮಾತುಕತೆ ಮುಗಿಯಿತು.

ಮಾರುವುದಾದರೆ ಇಂಟರ್‌ನೆಟ್ಟಿನಲ್ಲಿ ಜನ ಕೇಳುತ್ತಿರುವ ಬೆಲೆ ನೋಡಿ ಕನಸು ಕಾಣಬೇಡಿ, ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಇಬೇಯಲ್ಲಿ ಅದನ್ನು ಬೇರೆಯಾಗಿ ಜಾಲಾಡಬಹುದು. ವಿದೇಶಕ್ಕೆ ಕಳಿಸುವ ಖರ್ಚು ಎಷ್ಟೋ ಸಲ ಯಂತ್ರದ ಬೆಲೆಯನ್ನೇ ಮೀರುತ್ತದೆ. ದೋಷವನ್ನು ಮೊದಲ ಸಾಲಿನಲ್ಲೇ ಬರೆಯಿರಿ. "ಪರೀಕ್ಷಿಸಿಲ್ಲ" ಎಂದು ಬರೆದರೆ "ಕೆಟ್ಟಿದೆ" ಎಂದೇ ಎಲ್ಲರೂ ಓದಿಕೊಳ್ಳುತ್ತಾರೆ, ಆನ್ ಆದ ಪರದೆಯ ಒಂದು ಫೋಟೊ ಹತ್ತು ಸಾಲಿಗೆ ಸಮ. ಹಳದಿಗಟ್ಟಿದ ಕವಚವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗಾಗಿಸುವ ಉಪಾಯ ಇದೆ, ಆದರೆ ಮಾರುವ ಯಂತ್ರಕ್ಕೆ ಅದರ ಗೊಡವೆ ಬೇಡ. ಪಟ್ಟೆಪಟ್ಟೆಯಾದರೆ ಇದ್ದ ಬೆಲೆಯೂ ಹೋಯಿತು.

ಹೆಜ್ಜೆ 6: ಕಟ್ಟುವುದು

ನನಗೆ ಬಂದ ಒಂದು ಅಮಿಗಾದ ಕೀಬೋರ್ಡಿನಲ್ಲಿ ಹನ್ನೊಂದು ಕೀಲಿಗಳು ಪುಡಿಯಾಗಿದ್ದವು. ಕೊರಿಯರ್‌ನವನ ತಪ್ಪಲ್ಲ; ಕಳಿಸಿದವರು ಎರಡು ಕಿಲೋದ ಅಡಾಪ್ಟರನ್ನು ಯಂತ್ರದ ಮೇಲೇ ಇಟ್ಟು ಕಟ್ಟಿದ್ದರು. ದಾರಿಯುದ್ದಕ್ಕೂ ಅದು ಸುತ್ತಿಗೆಯಂತೆ ಕುಟ್ಟಿದೆ. ಅಡಾಪ್ಟರಿಗೆ ಬೇರೆ ಡಬ್ಬವೇ ಇರಲಿ.

ಯಂತ್ರಕ್ಕೆ ಮೊದಲು ಪ್ಲಾಸ್ಟಿಕ್ ಚೀಲ, ಆಮೇಲೆ ಎರಡು ಸುತ್ತು ಬಬಲ್ ಶೀಟು, ಅದಕ್ಕೊಂದು ರಟ್ಟಿನ ಡಬ್ಬ, ಆ ಡಬ್ಬವನ್ನು ಸುತ್ತಲೂ ಮೂರು ಬೆರಳಿನಷ್ಟು ಥರ್ಮೊಕೋಲ್ ತುಂಡು ತುಂಬಿದ ಇನ್ನೊಂದು ಡಬ್ಬದೊಳಗೆ. ಅಲ್ಲಾಡಿಸಿದರೆ ಏನೂ ಕದಲಬಾರದು. ಫ್ಲಾಪಿ ಡ್ರೈವ್ ಇದ್ದರೆ ಬೇಡದ ಒಂದು ಫ್ಲಾಪಿ ಒಳಗಿಟ್ಟು ಕಳಿಸಿ, ಹೆಡ್ಡುಗಳು ಒಂದಕ್ಕೊಂದು ಬಡಿದುಕೊಳ್ಳುವುದಿಲ್ಲ. ಪಿಕ್ಚರ್ ಟ್ಯೂಬಿನ ಮಾನಿಟರನ್ನು ಮಾತ್ರ ಕೊರಿಯರ್‌ನಲ್ಲಿ ಕಳಿಸಬೇಡಿ. ಬೇಕಾದವರು ಕಾರಿನಲ್ಲಿ ಬಂದು ಒಯ್ಯಲಿ, ಜೊತೆಗೆ ಒಂದು ಹಳೇ ದುಪ್ಪಟಿ ಕೊಟ್ಟು ಕಳಿಸಿ.

ಹೆಜ್ಜೆ 7: ಯಾರಿಗೂ ಬೇಡವಾದದ್ದು

ನನ್ನಲ್ಲಿ ಪ್ರಿಂಟರ್‌ಗಳು, 38 ಅಡಾಪ್ಟರ್, ಎರಡು ಮಾನಿಟರ್ ಉಳಿದವು. ಬೀದಿಯಲ್ಲಿ ಬರುವ ಗುಜರಿಯವನಿಗೆ ಹಾಕಿದರೆ ಅಲ್ಲೇ ದುಡ್ಡು ಸಿಗುತ್ತದೆ, ಆದರೆ ಮುಂದೆ ತಂತಿಯ ಪ್ಲಾಸ್ಟಿಕ್ಕನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುತ್ತಾರೆ, ಬೋರ್ಡನ್ನು ಆಮ್ಲದಲ್ಲಿ ಅದ್ದಿ ಚಿನ್ನ ಹುಡುಕುತ್ತಾರೆ. ಟ್ಯೂಬಿನ ಗಾಜಿನಲ್ಲಿ ಸೀಸ ಇದೆ, ಕಿತ್ತ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಪ್ರಿಂಟರ್, ಮಾನಿಟರ್‌ನಂಥವು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ನಮ್ಮಲ್ಲಿ ದಾಬಸ್‌ಪೇಟೆಯ ಇ-ಪರಿಸರದಂಥ ಘಟಕಗಳಿವೆ. ಪಕ್ಕದ ನಾಲ್ಕು ಫ್ಲ್ಯಾಟ್‌ಗಳ ಸಾಮಾನೂ ಸೇರಿಸಿದರೆ ಸಂಗ್ರಹಿಸುವವರು ಮನೆಗೇ ಬರುವ ಸಾಧ್ಯತೆ ಹೆಚ್ಚು. ರಸೀದಿ ಕೇಳಿ ಇಟ್ಟುಕೊಳ್ಳಿ.

ಹೆಜ್ಜೆ 8: ಉಳಿದ ಐದು

ಅಟ್ಟಕ್ಕೆ ಮತ್ತೆ ಹಾಕಬೇಡಿ. ಹಂಚಿನಡಿಯ, ಶೀಟಿನಡಿಯ ಬಿಸಿಗೆ ಪ್ಲಾಸ್ಟಿಕ್ ಹಪ್ಪಳವಾಗುತ್ತದೆ. ರಟ್ಟಿನ ಡಬ್ಬ ಗೆದ್ದಲಿಗೆ ಊಟ, ಜಿರಳೆಗೆ ಮನೆ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೊಂದು ಸಿಲಿಕಾ ಜೆಲ್ ಚೀಲ, ಕಪಾಟಿನ ಕೆಳಗಿನ ಅರೆ, ಇಷ್ಟು ಸಾಕು. ಮಳೆಗಾಲ ಮುಗಿದು ನವರಾತ್ರಿ ಬಂದಾಗ ಐದನ್ನೂ ಹೊರಗೆ ತೆಗೆದು ಅರ್ಧ ಗಂಟೆ ಓಡಿಸುತ್ತೇನೆ. ಸಿಲಿಕಾ ಜೆಲ್ ಬಣ್ಣ ಬದಲಾಗಿದ್ದರೆ ಒಣಗಿಸಿ ಮತ್ತೆ ಹಾಕುತ್ತೇನೆ.

ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ನೋಟ್‌ಬುಕ್ಕಿನ ಆ ಯಂತ್ರದ ಪುಟ ಅಂಟಿದೆ. ಸ್ಪೆಕ್ಟ್ರಮ್‌ನದರಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು ಹೆಚ್ಚಿಗೆ ಇದೆ, ಮಗನಿಗೆ: "ಈ ಅಡಾಪ್ಟರ್ ಬಿಟ್ಟು ಬೇರೆ ಯಾವುದನ್ನೂ ಚುಚ್ಚಬೇಡ. ನಿನಗೆ ಬೇಡವಾದರೆ ಬಿಬಿಸಿ ತೆಗೆದುಕೊಂಡು ಹೋದ ಆ ಹುಡುಗಿಯನ್ನು ಕೇಳು."